ಹೆಲ್ಮೆಟ್ಟಿನಲ್ಲಿ ಏಳು ಮೊಟ್ಟೆ

ಕಳ್ಳತನದಲ್ಲಿ ಎರಡು ಬಗೆ. ಇನ್ನೊಬ್ಬರ ಮನೆಯಲ್ಲಿ ಇದ್ದದ್ದನ್ನು ತೆಗೆದುಕೊಂಡು ಬರುವುದು ಒಂದು. ಇನ್ನೊಬ್ಬರ ಮನೆಯಲ್ಲಿ ಇಲ್ಲದ್ದನ್ನು ಇಟ್ಟು ಬರುವುದು ಇನ್ನೊಂದು. ಮೊದಲನೆಯದಕ್ಕೆ ಪೊಲೀಸರಿದ್ದಾರೆ, ಕೋರ್ಟಿದೆ, ಜೈಲಿದೆ. ಎರಡನೆಯದಕ್ಕೆ ಯಾವ ಕಾನೂನಿನಲ್ಲೂ ಕಲಮು ಇದ್ದಂತಿಲ್ಲ. ನಮ್ಮ ಕಡೆ ಈ ಎರಡನೆಯ ಬಗೆಯನ್ನು ಕುಲಕಸುಬಾಗಿ ನಡೆಸಿಕೊಂಡು ಬಂದದ್ದು ಕೋಗಿಲೆಯ ಬಳಗ ಒಂದೇ. ಕಳೆದ ಬೇಸಿಗೆ ರಜೆಯಲ್ಲಿ ನಾನೂ ಆ ಬಳಗಕ್ಕೆ ಸೇರಿಕೊಂಡೆ. ಸೇರಿಕೊಂಡ ದಿನ ನನ್ನ ಎದೆ ಹೊಡೆದುಕೊಂಡ ಸದ್ದು ನೆನಪಾದರೆ, ಯಾವ ಕೋಗಿಲೆಯನ್ನೂ ಇನ್ನು ಮುಂದೆ ಮೈಗಳ್ಳಿ ಎಂದು ಬೈಯಲು ನನಗೆ ಬಾಯಿ ಬರುವುದಿಲ್ಲ. ಮೈಗಳ್ಳರಿಗೆ ಆಗುವ ಕೆಲಸವಲ್ಲ ಅದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತಂದೆಯ ಕಡೆಯಲ್ಲಾಗಲಿ ತಾಯಿಯ ಕಡೆಯಲ್ಲಾಗಲಿ ಡಿಗ್ರಿ ಎಂಬುದನ್ನು ಮೊದಲು ಮನೆಗೆ ತಂದವಳು ನಾನೇ. ಈ ಮಾತನ್ನು ಸಂದರ್ಭ ಬಂದರೆ ಹೇಳುತ್ತೇನೆ, ಬಾರದಿದ್ದರೆ ಸಂದರ್ಭ ಮಾಡಿಕೊಂಡು ಹೇಳುತ್ತೇನೆ. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ತೀರಿಕೊಂಡರು. ಅಮ್ಮನಿಗೆ ಓದು ಬರಹ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಗದ್ದೆ ಕೆಲಸ ಮತ್ತು ಕೋಳಿ. ಗದ್ದೆ ಕೆಲಸದಲ್ಲಿ ಹೊಟ್ಟೆ ನಡೆಯಿತು. ನನ್ನ ಪುಸ್ತಕ, ಬಸ್ಸು, ಪರೀಕ್ಷೆಯ ಫೀಸು ಇವೆಲ್ಲ ನಡೆದದ್ದು ಕೋಳಿಯಿಂದ. ಕೋಳಿ ಅಂದರೆ ಯಾವುದೋ ಕೋಳಿಯಲ್ಲ. ಕಪ್ಪು ಮೈಯ ಮೇಲೆ ಅವಲಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಯಿರುವ ಒಂದೇ ಸಂತಾನದ ಹೇಂಟೆಗಳು. ತಾಯಿ ಹೋದರೆ ಮಗಳು, ಮಗಳು ಹೋದರೆ ಮೊಮ್ಮಗಳು. ಎಲ್ಲಕ್ಕೂ ಹೆಸರು ಒಂದೇ: ಚುಕ್ಕಿ. ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿಸಿದ ನನ್ನ ಬಿ.ಎಸ್ಸಿ. ಸರ್ಟಿಫಿಕೇಟು, ನಿಜ ಹೇಳಬೇಕೆಂದರೆ, ಯಾವುದೋ ಒಂದು ಚುಕ್ಕಿಯ ಅಜ್ಜಿ ಕಾವು ಕೂತು ಮರಿ ಮಾಡಿದ್ದು.

ಈಗ ಅಮ್ಮ ಕೋಟದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಸೊಂಟ ಬಗ್ಗುವುದಿಲ್ಲ ಎಂದು ಕೋಳಿಗಳನ್ನೆಲ್ಲ ಕಡಿಮೆ ಮಾಡುತ್ತಾ ಬಂದು, ಕೊನೆಗೆ ಉಳಿದದ್ದು ಒಂದೇ ಚುಕ್ಕಿ. ಏಪ್ರಿಲ್ ತಿಂಗಳಲ್ಲಿ ಅದು ಮೊಟ್ಟೆ ಇಡತೊಡಗಿತು. ಎಂಟು ಮೊಟ್ಟೆ ಇಟ್ಟು, ಇನ್ನೇನು ಕಾವಿಗೆ ಕೂರಬೇಕು, ಹಾಡು ಹಗಲಲ್ಲಿ ಮುಂಗುಸಿ ಅದನ್ನು ಹಿಡಿದುಕೊಂಡು ಹೋಯಿತು. ಅಮ್ಮ ಅಳಲಿಲ್ಲ. ಎಂಟು ಮೊಟ್ಟೆಗಳನ್ನು ಉಮಿ ತುಂಬಿದ ಬೆತ್ತದ ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಮಡಿಲ ಪಕ್ಕ ಇಟ್ಟುಕೊಂಡು ಜಗಲಿಯಲ್ಲಿ ಕೂತಳು. ಮಧ್ಯಾಹ್ನ ಊಟಕ್ಕೆ ಕರೆದರೆ, "ನಂಗ್ ಬ್ಯಾಡ, ನೀವ್ ಉಣ್ಣಿ" ಅಂದಳು. ಸಂಜೆ ಅವಳು ಹೇಳಿದ್ದು ಒಂದೇ ಮಾತು: "ಈ ಸೆಕಿಗೆ ಮೊಟ್ಟಿ ನಾಲ್ಕ್ ದಿನಕ್ಕಿಂತ ಜಾಸ್ತಿ ತಡುದಿಲ್ಲೆ. ಕಾವಿಗ್ ಕೂತ ಹೇಂಟಿ ಹುಡ್ಕ್. ಇಲ್ದಿರೆ ಚುಕ್ಕಿ ಇಲ್ಲಿಗ್ ಮುಗೀತ್."

ನಮ್ಮವರು ವಿಮೆ ಏಜೆಂಟರು. ಎಂಥ ಕಷ್ಟಕ್ಕೂ ಅವರಲ್ಲಿ ಒಂದು ಪರಿಹಾರ ಇದ್ದೇ ಇರುತ್ತದೆ. "ಥರ್ಮಾಕೋಲ್ ಡಬ್ಬಿಯಂಗೆ ಬಲ್ಬ್ ಹಾಕ್ವ ಮಾರಾಯ್ತಿ, ಮೊಬೈಲಂಗೆ ಕಂಡಿದ್ದೆ" ಎಂದು ಹೊರಟರು. ಬಲ್ಬು ಹಾಕಿದ ಅರ್ಧ ಗಂಟೆಯಲ್ಲಿ ಕರೆಂಟು ಹೋಯಿತು. ಇಪ್ಪತ್ತೊಂದು ದಿನ ಎದ್ದು ಹೋಗದೆ ಮೊಟ್ಟೆಯ ಮೇಲೆ ಕೂರುವ ತಾಳ್ಮೆ ನಮ್ಮೂರ ಕರೆಂಟಿಗೆ ಇಲ್ಲ. ಹೇಂಟೆಯೇ ಆಗಬೇಕು.

ಆಗ ನನಗೆ ನೆನಪಾದದ್ದು ನಾನೇ ಒಂಬತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತಾ ಬಂದ ಪಾಠ. ಕೋಗಿಲೆ ಕಂಡ ಕಂಡ ಗೂಡಿನಲ್ಲಿ ಮೊಟ್ಟೆ ಇಡುವುದಿಲ್ಲ. ಮನೆಯಾಕೆ ಮೊಟ್ಟೆ ಇಡುವ ಹೊತ್ತೂ ತನ್ನ ಹೊತ್ತೂ ಒಂದೇ ಆಗಬೇಕು. ಅವಳ ಮೊಟ್ಟೆಗೂ ತನ್ನ ಮೊಟ್ಟೆಗೂ ಹೆಚ್ಚು ವ್ಯತ್ಯಾಸ ಕಾಣಬಾರದು. ಅವಳು ತನ್ನ ಮಕ್ಕಳಿಗೆ ಕೊಡುವ ತುತ್ತು ತನ್ನ ಮರಿಗೂ ಆಗಿಬರಬೇಕು. ಇದೆಲ್ಲ ಕಾಗೆಯಲ್ಲಿ ಕೂಡಿ ಬರುತ್ತದೆ, ಹಾಗಾಗಿ ಕೋಗಿಲೆಗೆ ಕಾಗೆ. ಮಳೆಹನಿಗಾಗಿ ಬಾಯಿ ತೆರೆದು ಕಾಯುವ ಸಾಧು ಎಂದು ಕವಿಗಳು ಹೊಗಳಿದ ಚಾತಕವೂ ಇದೇ ಬಳಗದ್ದೇ. ಅದರ ಮೊಟ್ಟೆ ನೀಲಿ, ಹರಟೆಮಲ್ಲ ಹಕ್ಕಿಯ ಮೊಟ್ಟೆಯೂ ನೀಲಿ, ಹಾಗಾಗಿ ಅದರ ಬಾಣಂತನವೆಲ್ಲ ಹರಟೆಮಲ್ಲನ ಗೂಡಿನಲ್ಲೇ. ತಾನು ಯಾವ ಬಗೆಯ ಗೂಡಿನಲ್ಲಿ ಬೆಳೆಯಿತೋ ಅಂಥದ್ದೇ ಗೂಡನ್ನು ಹೆಣ್ಣು ಹಕ್ಕಿ ದೊಡ್ಡದಾದ ಮೇಲೆ ಹುಡುಕಿಕೊಂಡು ಹೋಗುತ್ತದೆ ಎಂದು ಊಹಿಸುವವರೂ ಇದ್ದಾರೆ. ಇಷ್ಟೆಲ್ಲ ಬಲ್ಲ ನನಗೆ ಒಂದು ಹೇಂಟೆ ಹುಡುಕುವುದು ಯಾವ ಮಹಾ ಕೆಲಸ ಎಂದು ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ಸ್ಕೂಟರಿನ ಹಿಂದೆ ಕೂತೆ.

ಸಾಲಿಗ್ರಾಮದಲ್ಲಿ ನನ್ನ ಹಳೆಯ ವಿದ್ಯಾರ್ಥಿಯ ತಾಯಿಯ ಹೇಂಟೆ ಕಾವಿಗೆ ಕೂತಿದೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆವು. ಆಕೆ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ಹ್ವಾಯ್ ಟೀಚರೇ, ನಮ್ಮ ಹೇಂಟಿ ಕೂತ್ ಹದಿನೇಳ್ ದಿನ ಆಯ್ತಲೆ. ಇನ್ನ್ ನಾಲ್ಕ್ ದಿನಕ್ಕೆ ಅದ್ರ ಮರಿ ಕರ್ಕಂಡ್ ಅದ್ ಎದ್ಕಂಡ್ ಹೋತ್. ಮತ್ತೆ ನಿಮ್ಮ ಮೊಟ್ಟಿ ಮೇಲೆ ಕೂಕಂಬುದ್ ಯಾರ್? ನೀವಾ?" ಹೊತ್ತು ಕೂಡಿ ಬರಬೇಕು ಎಂಬ ಪಾಠವನ್ನು ನನಗೇ ಅವರು ಕಲಿಸಿ ಕಳಿಸಿದರು. ಬ್ರಹ್ಮಾವರದಲ್ಲಿ ನನ್ನ ಜೊತೆ ಬಿ.ಎಡ್. ಓದಿದ ಗೆಳತಿಯ ಮನೆಯಲ್ಲಿ ಒಂದು ಹೇಂಟೆ ಅದೇ ಆಗ ಕಾವಿಗೆ ಕೂರಲು ಗೊರ್ ಗೊರ್ ಅನ್ನುತ್ತಿತ್ತು. ಹೊತ್ತು ಸರಿ ಇತ್ತು. ಆದರೆ ಅದು ಯಾವುದೋ ಮಿಶ್ರ ತಳಿಯದು, ಕುರಿಮರಿಯ ಗಾತ್ರ. ನೋಡೋಣ ಎಂದು ಒಂದೇ ಒಂದು ಮೊಟ್ಟೆಯನ್ನು ಮುಂದಿಟ್ಟೆವು. ಅದು ಪ್ರೀತಿಯಿಂದಲೇ ಅದರ ಮೇಲೆ ಕಾಲಿಟ್ಟಿತು. ಎಂಟು ಇದ್ದದ್ದು ಏಳಾಯಿತು. ಮನೆಗೆ ಬಂದು ಹೇಳಿದಾಗ ಅಮ್ಮ ಉಳಿದದ್ದನ್ನು ಎಣಿಸಿ, "ಹೋಯ್ಲಿ, ಬೆಸ ಆಯ್ತ್. ಸಮ ಸಂಖ್ಯೆ ಇಟ್ರೆ ಮರಿ ಆಪ್ದಿಲ್ಲೆ" ಅಂದಳು. ಎರಡು ದಿನ ಹೀಗೇ ಕಳೆಯಿತು. ಉಳಿದದ್ದು ಎರಡು ದಿನ.

ಮೂರನೆಯ ದಿನ ಬೆಳಿಗ್ಗೆ ಬೈಂದೂರಿನ ಯಾರೋ ಪಾಲಿಸಿದಾರರ ಜೊತೆ ಫೋನಿನಲ್ಲಿ ಮಾತಾಡಿದ ನಮ್ಮವರು ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು ಪಿಸುಗುಟ್ಟಿದರು. "ಟೀಚರೇ, ಒಂದ್ ಹೇಂಟಿ ಇತ್ತ್. ನಿನ್ನೆ ಸಂಜೆಗೆ ಇಟ್ಟದ್ದಂಬ್ರು, ಏಳೇ ಮೊಟ್ಟಿ. ಆರೆ ಜಾಗ ಸಮ ಇಲ್ಲೆ."

"ಎಲ್ಲ್?"

"ಯಡ್ತರೆ. ನಿನ್ನ ದೊಡ್ಡಮ್ಮನ ಮನಿ."

ನಾನು ತಿರುಗಿ ಜಗಲಿಯ ಕಡೆ ನೋಡಿದೆ. ಅಮ್ಮನಿಗೆ ಕೇಳಿಸಿರಲಿಲ್ಲ. ದೊಡ್ಡಮ್ಮ ಅಂದರೆ ಅಮ್ಮನ ಒಡಹುಟ್ಟಿದ ಅಕ್ಕ. ಮೂರು ವರ್ಷದಿಂದ ಅಕ್ಕತಂಗಿಗೆ ಮಾತಿಲ್ಲ. ಕಾರಣ ಕೇಳಿದರೆ ನಗು ಬಂದೀತು, ನಮ್ಮನೆಯಲ್ಲಿ ಯಾರೂ ನಕ್ಕಿಲ್ಲ. ದೊಡ್ಡಮ್ಮ ಮಗನ ಮದುವೆಯ ಹೇಳಿಕೆಯನ್ನು, ಅಂದರೆ ಆಮಂತ್ರಣವನ್ನು, ಮನೆಗೆ ಬಂದು ಹೇಳಲಿಲ್ಲ; ಆ ಮದುಮಗನೇ ವಾಟ್ಸಾಪಿನಲ್ಲಿ ನನ್ನ ಮೊಬೈಲಿಗೆ ಕಾಗದ ಕಳಿಸಿದ. ದೊಡ್ಡಮ್ಮನ ಮಂಡಿ ಆಗ ಊದಿಕೊಂಡಿತ್ತಂತೆ. ನಾನು ಮೊಬೈಲನ್ನು ಅಮ್ಮನ ಮುಂದೆ ಹಿಡಿದು ಓದಿ ಹೇಳಿದೆ. ಅಮ್ಮ ಅಂದಳು, "ಹೇಳಿಕೆ ಬಂದದ್ದ್ ನಿನ್ನ ಮೊಬೈಲಿಗಲ್ದಾ? ಅದನ್ನೇ ಕಳ್ಸ್ ಮದಿಗೆ." ಅಲ್ಲಿಗೆ ಮುಗಿಯಿತು. ಅಂದಿನಿಂದ ಯಡ್ತರೆ ಎಂಬ ಊರು ನಮ್ಮ ಮನೆಯ ಭೂಪಟದಲ್ಲಿಲ್ಲ. ಹೇಂಟೆ ಹುಡುಕಲು ಹೊರಟ ಮೊದಲ ದಿನವೇ ಅಮ್ಮ ಎಚ್ಚರಿಸಿದ್ದಳು: "ಎಲ್ಲಿಗ್ ಬೇಕಾರೂ ಹೋಯ್ಲಕ್. ಆ ಯಡ್ತರಿ ಬದಿಗ್ ಮಾತ್ರ ಹೋಪ್ದ್ ಬ್ಯಾಡ." ಹಾಗಾಗಿ ಈಗ ಆಗಬೇಕಾದ ಕೆಲಸ ಅಮ್ಮನಿಗೂ ಗೊತ್ತಾಗಬಾರದು, ದೊಡ್ಡಮ್ಮನಿಗೂ ಗೊತ್ತಾಗಬಾರದು. ಗೊತ್ತಾಗಬೇಕಾದ್ದು ಹೇಂಟೆಗೊಂದೇ, ಅದಕ್ಕೂ ಆದಷ್ಟು ಕಡಿಮೆ.

"ಕುಂದಾಪ್ರಕ್ಕೆ ಹೋಯ್ ಬತ್ತೊ" ಎಂದು ಹೊರಟಾಗ ಅಮ್ಮ ಒಳಗೆ ಹೋಗಿ ಒಲೆಯ ಬೂದಿಯಿಂದ ಒಂದು ತುಂಡು ಮಸಿ, ಅಂದರೆ ಇದ್ದಿಲು, ಹೆಕ್ಕಿ ತಂದು ಬುಟ್ಟಿಯೊಳಗಿಟ್ಟಳು. ನಮ್ಮ ಕಡೆ ಮೀನು ಮಾಂಸ ಒಯ್ಯುವಾಗ ದೃಷ್ಟಿಯಾಗದಿರಲಿ ಎಂದು ಹೀಗೆ ಮಸಿ ಇಡುವುದುಂಟು. ಮೊಟ್ಟೆಗೂ ದೃಷ್ಟಿಯೇ ಎಂದು ನನಗೆ ರೇಗಿತು. "ಅಮ್ಮಾ, ಮಸಿಗೂ ಮರಿಗೂ ಎಂತ ಸಂಬಂಧ? ನಾನ್ ಸೈನ್ಸ್ ಓದಿದವ್ಳ್" ಅಂದೆ. ಅವಳು, "ಓದಿದ್ದಿ, ಓದಿದ್ದಿ. ಬುಟ್ಟಿ ಗಟ್ಟಿ ಹಿಡ್ಕೊ" ಅಂದಳು.

ಕೋಟದಿಂದ ಯಡ್ತರೆಗೆ ಆ ದಿನ ಹೋದಷ್ಟು ದೂರ ನಾನು ಯಾವ ದಿನವೂ ಹೋಗಿಲ್ಲ. ಹೆದ್ದಾರಿಯ ಒಂದೊಂದು ಹೊಂಡವೂ ನನ್ನ ಬೆನ್ನುಮೂಳೆಯಿಂದ ಬುಟ್ಟಿಗೆ ಇಳಿಯುತ್ತಿತ್ತು. "ಹ್ವಾಯ್, ಹೊಂಡ ಕಾಣಿ! ಹ್ವಾಯ್, ಬಸ್ಸ್ ಕಾಣಿ!" ಎಂದು ನಾನು ಹೇಳುವುದು, "ನಿನ್ನ ಕೂಗಿಗೇ ಮೊಟ್ಟಿ ಒಡಿತ್ ಕಾಣ್" ಎಂದು ಅವರು ಹೇಳುವುದು. ಮೊಟ್ಟೆಗಳು ಒಂದಕ್ಕೊಂದು ತಾಗಿ ಟಿಕ್ ಎಂದರೆ ನಾನು ಉಮಿಯೊಳಗೆ ಕೈ ಹಾಕಿ ಏಳನ್ನೂ ಮತ್ತೆ ಎಣಿಸುತ್ತಿದ್ದೆ. ದಾರಿಯಲ್ಲೇ ಸಂಚು ಹೂಡಿದೆವು. ಗಂಡು ಕೋಗಿಲೆ ಕಾಗೆಯ ಗೂಡಿನ ಎದುರು ಬಂದು ಕೂಗಿ ಕೂಗಿ ಕಾಗೆಗಳನ್ನು ತನ್ನ ಹಿಂದೆ ಅಟ್ಟಿಸಿಕೊಂಡು ಹೋಗುತ್ತದೆ. ಆ ಹೊತ್ತು ನೋಡಿ ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ನಮ್ಮವರು ಎದುರಿನಿಂದ ಹೋಗಿ ದೊಡ್ಡಮ್ಮನಿಗೆ ವಿಮೆಯ ವಿಷಯ ಹೇಳುವುದು, ನಾನು ಹಿಂದಿನಿಂದ, ಹೇಂಟೆ ಕೂತಿರುವ ದನದ ಹಟ್ಟಿಗೆ ನುಗ್ಗುವುದು. ಕೂಗುವ ಕೆಲಸಕ್ಕೆ ನಮ್ಮವರಿಗಿಂತ ಯೋಗ್ಯರು ಎರಡು ತಾಲೂಕಿನಲ್ಲಿ ಸಿಗಲಿಕ್ಕಿಲ್ಲ ಎಂಬ ಧೈರ್ಯ ನನಗಿತ್ತು.

ದೊಡ್ಡಮ್ಮನ ಮನೆಯ ತಿರುವಿನಲ್ಲಿ ನಾನು ಇಳಿದೆ. ಅವರು ಸ್ಕೂಟರನ್ನು ನೇರ ಅಂಗಳಕ್ಕೆ ಬಿಟ್ಟರು. ಬೇಲಿಯ ತಡಮೆ ದಾಟಿ, ಬಸಳೆ ಚಪ್ಪರದ ಅಡಿಯಲ್ಲಿ ಬಗ್ಗಿ, ಹಟ್ಟಿಯ ಹಿಂಬದಿಗೆ ಬಂದೆ. ಹಟ್ಟಿಯ ಬಾಗಿಲು ಅಂಗಳದ ಕಡೆಗಿತ್ತು, ಅಲ್ಲಿಂದ ಹೋಗುವಂತಿಲ್ಲ. ಹಿಂದಿನ ಗೋಡೆಯಲ್ಲಿ ಗೊಬ್ಬರ ತಳ್ಳುವ ಒಂದು ಕಿಂಡಿ. ಬುಟ್ಟಿ ಅದರಲ್ಲಿ ಹಿಡಿಯಲಿಲ್ಲ. ತಲೆಯಿಂದ ಹೆಲ್ಮೆಟ್ ತೆಗೆದು, ವೇಲನ್ನು ಅದರೊಳಗೆ ಸುತ್ತಿ, ಏಳು ಮೊಟ್ಟೆಗಳನ್ನು ಅದಕ್ಕೆ ದಾಟಿಸಿ ಒಳಗೆ ಇಳಿಸಿದೆ. ಆಮೇಲೆ ನಾನು. ತಲೆ ಹೋಯಿತು, ಹೆಗಲು ಹೋಯಿತು, ಉಳಿದದ್ದು ಹೋಗಲು ಒಪ್ಪಲಿಲ್ಲ. ಘಟಿಕೋತ್ಸವದ ದಿನ ಕಪ್ಪು ನಿಲುವಂಗಿ ಹಾಕಿಕೊಂಡು ವೇದಿಕೆ ಹತ್ತಿದಾಗ ಇಡೀ ಸಭಾಂಗಣದಲ್ಲಿ ಎದ್ದು ನಿಂತು ಕೈ ತಟ್ಟಿದವಳು ಇದೇ ದೊಡ್ಡಮ್ಮ. ಈಗ ಅವಳ ಹಟ್ಟಿಯ ಗೊಬ್ಬರದ ಕಿಂಡಿಯಲ್ಲಿ ನಾನು ಅರ್ಧ ಒಳಗೆ, ಅರ್ಧ ಹೊರಗೆ. ಒಳಗೆ ಕಟ್ಟಿದ್ದ, ಇನ್ನೂ ಕರು ಹಾಕದ ಗಡಸು ಮೆಲುಕು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಅದೊಮ್ಮೆ ಕೂಗಿದರೆ ಕತೆ ಮುಗಿಯಿತು. ಜಗಲಿಯಿಂದ ನಮ್ಮವರ ಸ್ವರ ಕೇಳುತ್ತಿತ್ತು: "ಅಲ್ಲ ದೊಡ್ಡಮ್ಮ, ಮನ್ಷನ ಜೀವಕ್ಕೆ ಎಂತ ಗ್ಯಾರಂಟಿ ಇತ್ತ್ ಹೇಳಿ? ಇವತ್ತ್ ಇತ್ತ್, ನಾಳೆ?" ಎದುರಿಗೆ ದೊಡ್ಡಮ್ಮ, "ಹೂಂ... ಹೂಂ..." ಅನ್ನುತ್ತಿದ್ದಳು.

ಹೇಗೋ ಒಳಗೆ ಬಿದ್ದೆ. ಮೂಲೆಯ ಬುಟ್ಟಿಯಲ್ಲಿ ಕೆಂಪು ಹೇಂಟೆ ಗರಿ ಕೆದರಿಕೊಂಡು ಕೂತಿತ್ತು. ಕೈ ಹಾಕಿದ ಕೂಡಲೇ ಕುಕ್ಕಿತು. ಎರಡನೆಯ ಸಲವೂ ಕುಕ್ಕಿತು. ಮೂರನೆಯ ಸಲ ಕಣ್ಣು ಮುಚ್ಚಿ ಕೈಯನ್ನು ಅದರ ಹೊಟ್ಟೆಯಡಿಗೆ ತುರುಕಿದೆ. ಅಬ್ಬ, ಆ ಬಿಸಿ! ಆಗ ತಾನೇ ಒಲೆಯಿಂದಿಳಿಸಿದ ಅನ್ನದ ಪಾತ್ರೆಗೆ ಬಟ್ಟೆ ಸುತ್ತಿಟ್ಟ ಹಾಗೆ. ಒಂದೊಂದಾಗಿ ಏಳನ್ನೂ ಸೇರಿಸಿದೆ. ಅದರ ಮೊಟ್ಟೆಗೂ ನನ್ನ ಮೊಟ್ಟೆಗೂ ಗಾತ್ರದಲ್ಲಿ ಬಣ್ಣದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಅದರ ಮೊಟ್ಟೆಗಳ ಮೇಲೆ ಕಪ್ಪು ಕಪ್ಪಾಗಿ ಏನೋ ಹತ್ತಿತ್ತು. ಹಟ್ಟಿಯ ಕೊಳೆ ಅಂದುಕೊಂಡೆ. ಏಳೂ ಏಳೂ ಹದಿನಾಲ್ಕು. ಹದಿನಾಲ್ಕು ಸಮ! ವಿಜ್ಞಾನ ಓದಿದ ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅರ್ಧ ನಿಮಿಷ ಯೋಚಿಸಿದೆ. ಮರಿಯಾಗದಿದ್ದರೆ ಅಮ್ಮ ಕೇಳುವ ಮೊದಲ ಪ್ರಶ್ನೆ ಇದೇ. ಕೋಗಿಲೆಯೂ ಮನೆ ಬಿಡುವಾಗ ಒಮ್ಮೊಮ್ಮೆ ಒಂದು ಮೊಟ್ಟೆ ಎಗರಿಸಿಕೊಂಡು ಹೋಗುತ್ತದಲ್ಲ ಎಂದು ಶಾಸ್ತ್ರಕ್ಕೂ ಶಾಸ್ತ್ರಕ್ಕೂ ಗಂಟು ಹಾಕಿ, ದೊಡ್ಡಮ್ಮನದೊಂದು ಮೊಟ್ಟೆ ತೆಗೆದು ಹೆಲ್ಮೆಟ್ಟಿನಲ್ಲಿಟ್ಟುಕೊಂಡೆ.

ಅಷ್ಟರಲ್ಲಿ ಅಂಗಳದಿಂದ ದೊಡ್ಡಮ್ಮನ ಸ್ವರ ಏರಿತು. "ಅದೆಲ್ಲ ಇರ್ಲಿ. ಸ್ಕೂಟ್ರಿಗೆ ನೇಲ್ಸಿದ ಬ್ಯಾಗ್ ನಿಮ್ದಾ? ಹೆಂಗ್ಸ್ರ್ ಬ್ಯಾಗ್ ಹಿಡ್ಕಂಡ್ ತಿರ್ಗುಕೆ ಸುರು ಮಾಡಿದ್ರ್ಯಾ?"

ಬ್ಯಾಗು ನನ್ನದು; ಸ್ಕೂಟರಿನಿಂದ ಇಳಿಯುವಾಗ ಅದನ್ನು ತೆಗೆಯಲು ಮರೆತಿದ್ದೆ. ನಾನು ಬಂದ ದಾರಿಯಲ್ಲೇ ಹೊರಬಿದ್ದು, ಕೂದಲಲ್ಲಿದ್ದ ಹುಲ್ಲು ಕೊಡವಿ, ಹೆಲ್ಮೆಟ್ಟನ್ನು ಎದೆಗೆ ಅಪ್ಪಿಕೊಂಡು ಮನೆಯ ಬಗಲಿನಿಂದ ಅಂಗಳಕ್ಕೆ ಬಂದೆ. "ಬಸಳಿ ಚಪ್ರ ಕಾಂಬ ಅಂದೇಳಿ ಹಿಂದ್ ಹೋಯಿದ್ದೆ ದೊಡ್ಡಮ್ಮ. ಲಾಯ್ಕ್ ಬಂದಿತ್ತ್."

ದೊಡ್ಡಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಮೂರು ವರ್ಷದಲ್ಲಿ ತುಂಬ ಇಳಿದುಹೋಗಿದ್ದಳು. ಒಂದು ಕೈ ಮಂಡಿಯ ಮೇಲೆ ಊರಿಕೊಂಡೇ ನಡೆಯುತ್ತಿದ್ದಳು. "ಬಸಳಿ ಕಾಂಬುಕೆ ಕೋಟದಿಂದ ಬಂದ್ಯಾ? ಬಾ, ಕೂಕೋ. ಆ ಟೊಪ್ಪಿ ಕೆಳಗಿಡ್ ಮಗಾ."

"ಅಡ್ಡಿಲ್ಲೆ ದೊಡ್ಡಮ್ಮ."

"ಚಾ ಕುಡುಕೆ ಕೈ ಬ್ಯಾಡ್ದಾ? ಕೊಡ್, ನಾನ್ ಮೇಜಿನ್ ಮೇಲೆ ಇಡ್ತೆ."

"ಅಡ್ಡಿಲ್ಲೆ! ಒಂದ್ ಕೈ ಸಾಕ್." ಹೆಲ್ಮೆಟ್ಟಿನೊಳಗೆ ವೇಲಿನ ಅಡಿಯಲ್ಲಿ ಆ ಮೊಟ್ಟೆ ಇನ್ನೂ ಬೆಚ್ಚಗಿತ್ತು. ಕಲಸಿದ ಅವಲಕ್ಕಿಯನ್ನೂ ಚಹಾವನ್ನೂ ಒಂದೇ ಕೈಯಲ್ಲಿ ಹೇಗೆ ಮುಗಿಸಿದೆನೋ ದೇವರಿಗೇ ಗೊತ್ತು. ಮಾವಿನ ಮರದಲ್ಲಿ ಒಂದು ಕೋಗಿಲೆ ಕೂಗುತ್ತಲೇ ಇತ್ತು. ಸುಮ್ಮನಿರುವುದು ನಮ್ಮವರ ಮೈಗೆ ಒಗ್ಗುವುದಿಲ್ಲ. ತಡೆಯಲಾರದೆ, "ಚುಕ್ಕಿ ಹೋಯ್ತಲೆ ದೊಡ್ಡಮ್ಮ, ಮುಂಗುಸಿ ಹಿಡಿತ್" ಎಂದುಬಿಟ್ಟರು. ನಾನು ಅವರ ಕಾಲು ತುಳಿದೆ, ತಡವಾಗಿತ್ತು. ದೊಡ್ಡಮ್ಮ ಲೋಟ ಕೆಳಗಿಟ್ಟಳು. "ಚುಕ್ಕಿಯಾ? ಅದ್ರ ಮೂಲ ಇದೇ ಹಟ್ಟಿ ಕಾಣಿ. ತಂಗಿ ಮದಿಯಾಯ್ ಹೋಪತಿಗೆ ನಮ್ಮಬ್ಬಿ, ಇವ್ಳ ಅಜ್ಜಿ, ಕೊಟ್ಟ್ ಕಳ್ಸಿದ್ದ್." ಅಷ್ಟೇ ಹೇಳಿ ಒಳಗೆ ಹೋದಳು.

ಹೊರಡುವಾಗ ಅಂಗಳದ ತುದಿಯವರೆಗೂ ಬಂದಳು. ನಾನು ಸ್ಕೂಟರಿನ ಹಿಂದೆ ಕೂತೆ, ಹೆಲ್ಮೆಟ್ ಮಡಿಲಲ್ಲಿ. "ಟೊಪ್ಪಿ ಹಾಯ್ಕೊ ಹೆಣ್ಣೆ. ರಸ್ತಿಗೆ ಪೊಲೀಸ್ರ್ ಇರ್ತ್ರ್."

"ಮುಂದ್ ಹೋಯ್ ಹಾಯ್ಕಂತೆ ದೊಡ್ಡಮ್ಮ. ತಲಿ ನೋವ್."

"ಹೌದಾ? ನಂಗ್ ಕಂಡ್ರೆ ಈಗ್ಳೇ ಹಾಯ್ಕೊಂಬುದ್ ಒಳ್ಳೇದ್." ಅವಳ ಮುಖದಲ್ಲಿ ನಗುವಿತ್ತೋ ಬಿಸಿಲಿತ್ತೋ ನನಗೆ ತಿಳಿಯಲಿಲ್ಲ. ನಮ್ಮವರು ಸ್ಕೂಟರನ್ನು ಓಡಿಸಿದ ವೇಗ ನೋಡಿದ್ದರೆ ಅವರಿಗೆ ಅವರ ಕಂಪೆನಿಯವರೇ ಪಾಲಿಸಿ ಕೊಡುತ್ತಿರಲಿಲ್ಲ. ತಿರುವು ದಾಟಿ ಸಮಾಧಾನದ ಉಸಿರು ಬಿಟ್ಟ ಮೇಲೆ ನೆನಪಾಯಿತು: ಬುಟ್ಟಿ! ಅಮ್ಮನ ಬೆತ್ತದ ಬುಟ್ಟಿ ಹಟ್ಟಿಯ ಹಿಂದೆಯೇ ಉಳಿದಿದೆ. ತಿರುಗಿ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮೊಟ್ಟೆ ಇಡಲು ಬೇರೆ ಜಾಗವಿಲ್ಲದೆ ಹೆಲ್ಮೆಟ್ಟಿನಲ್ಲೇ ಉಳಿಯಿತು. ಹೆಲ್ಮೆಟ್ಟು ಮಡಿಲಲ್ಲಿ, ತಲೆ ಗಾಳಿಯಲ್ಲಿ. ಕುಂದಾಪುರ ದಾಟುವಾಗ ದೊಡ್ಡಮ್ಮ ಹೇಳಿದ ಪೊಲೀಸರು ಅಲ್ಲಿ ನಿಂತೇ ಇದ್ದರು. "ಎಂತ ಮೇಡಂ, ಹೆಲ್ಮೆಟ್ ಇಪ್ಪುದ್ ಮಡ್ಲಿಗೆ ಹಾಕುಕಾ?" ನಾನು ವೇಲು ಸರಿಸಿ ತೋರಿಸಿದೆ. ಅವರು ಬಗ್ಗಿ ನೋಡಿ, "ಹೋಯ್ನಿ ಹೋಯ್ನಿ" ಎಂದು ಕೈ ಬೀಸಿದರು.

ಮನೆಗೆ ಬಂದು ಅಮ್ಮನೆದುರು ಕೂತೆ. ಕುಂದಾಪುರದಲ್ಲಿ ಒಬ್ಬರ ಮನೆಯಲ್ಲಿ ಇಟ್ಟು ಬಂದೆವು ಎಂದೆ. ಒಳ್ಳೆಯ ಹೇಂಟೆ ಎಂದೆ. ಬೆಸ ಮಾಡಲು ಒಂದು ತೆಗೆದೆ ಎಂದು ಹೆಮ್ಮೆಯಿಂದ ಆ ಮೊಟ್ಟೆಯನ್ನು ಅವಳ ಕೈಯಲ್ಲಿಟ್ಟೆ. ಅಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಹಟ್ಟಿಯ ಕತ್ತಲಲ್ಲಿ ನಾನು ಕೊಳೆ ಅಂದುಕೊಂಡದ್ದು ಕೊಳೆಯಾಗಿರಲಿಲ್ಲ. ಮಸಿಯಲ್ಲಿ ಬರೆದ ಒಂದು ದುಂಡು ಬಳೆ, ನಡುವೆ ಒಂದು ಬೊಟ್ಟು. ಅಮ್ಮ ಅದರ ಮೇಲೆ ಹೆಬ್ಬೆರಳು ಆಡಿಸಿದಳು, ಅಳಿಸದ ಹಾಗೆ, ಮೆತ್ತಗೆ. ಬೈದರೆ ಬೈಯಲಿ, ಊಟ ಬಿಟ್ಟರೆ ಏನು ಮಾಡುವುದು?

"ಅಕ್ಕನ ಮಂಡಿ ಈಗ ಹ್ಯಾಂಗಿತ್ತ್?" ಅಂದಳು.

ಊದಿದ್ದು ಇಳಿದಿಲ್ಲ, ಕೈ ಊರಿಕೊಂಡೇ ನಡೆಯುತ್ತಾಳೆ ಎಂದೆ. "ಮಸಿ ಎಲ್ಲ್?" ಎಂದು ಕೇಳಿದಳು. ಬುಟ್ಟಿಯಲ್ಲೇ ಇತ್ತು, ಬುಟ್ಟಿ ಅಲ್ಲೇ ಉಳಿಯಿತು ಎಂದೆ. "ಮತ್ತೆ ಗೀಟ್ ಎಳಿಲಿಲ್ಯಾ?" ಎಂತ ಗೀಟು ಎಂದೆ. ಅಮ್ಮ ಹಣೆಗೆ ಕೈ ಹಚ್ಚಿದಳು. "ಹದಿನೇಳ್ ವರ್ಷ ಶಾಲಿಗ್ ಹೋದವ್ಳ್, ಕಾವಿಗ್ ಇಟ್ಟ ಮೊಟ್ಟಿಗ್ ಗುರ್ತ್ ಹಾಕೂಕ್ ಗೊತ್ತಿಲ್ಯಾ? ಮತ್ತೊಂದ್ ಹೇಂಟಿ ಬಂದ್ ಇಟ್ ಹೋದ್ರೆ ಯಾವ್ದ್ ಯಾರ್ದ್ ಅಂದೇಳಿ ಹ್ಯಾಂಗ್ ಗೊತ್ತಾಪ್ದ್? ಮಸಿ ಕೊಟ್ಟದ್ದ್ ಎಂತಕ್ಕೆ, ನಿನ್ನ ಮುಖಕ್ಕ್ ಬಳುಕಾ?" ಇಬ್ಬರೂ ಚಿಕ್ಕವರಿದ್ದಾಗ ಒಂದೇ ಹಟ್ಟಿಯಲ್ಲಿ ಇಬ್ಬರದೂ ಒಂದೊಂದು ಹೇಂಟೆಯಂತೆ. ಜಗಳ ಆಗದಿರಲಿ ಎಂದು ಅಜ್ಜಿ ಅಕ್ಕನಿಗೆ ಬಳೆ ಗುರುತನ್ನೂ ತಂಗಿಗೆ ಕತ್ತರಿ ಗುರುತನ್ನೂ ಕಲಿಸಿಕೊಟ್ಟಿದ್ದಳಂತೆ. ದೃಷ್ಟಿಯ ಮಸಿ ಎಂದು ನಾನು ಹಂಗಿಸಿದ್ದು ಇವರ ಅಕ್ಷರವಾಗಿತ್ತು. ಅಮ್ಮ ಆ ಮೊಟ್ಟೆಯನ್ನು ಒಡೆಯಲಿಲ್ಲ, ಬೇಯಿಸಲೂ ಇಲ್ಲ. ಅಕ್ಕಿ ಡಬ್ಬಿಯಲ್ಲಿ, ಬಳೆ ಮೇಲೆ ಬರುವ ಹಾಗೆ ಇಟ್ಟಳು.

ಮುಂದಿನ ಇಪ್ಪತ್ತೊಂದು ದಿನ ನಮ್ಮ ಮನೆಯಲ್ಲಿ ಯಾರೂ ಯಡ್ತರೆಯ ಹೆಸರು ಎತ್ತಲಿಲ್ಲ, ಯಾರೂ ಬೇರೆ ಏನನ್ನೂ ಯೋಚಿಸಲೂ ಇಲ್ಲ. ದೊಡ್ಡಮ್ಮ ಆ ಗುರುತಿಲ್ಲದ ಏಳು ಮೊಟ್ಟೆಗಳನ್ನು ಕಂಡಿರಲೇಬೇಕು. ಕಂಡು ಏನು ಮಾಡಿದಳು? ತೆಗೆದು ಹೊರಗಿಟ್ಟಳೇ? ಸಾರು ಮಾಡಿದಳೇ? ಕೇಳುವ ಹಾಗಿಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಗುಡುಗಿತು. ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತದೆ ಎಂದು ಅಮ್ಮ ಬಾಗಿಲಲ್ಲಿ ನಿಂತು ಯಡ್ತರೆ ಇರುವ ಬಡಗಣ ದಿಕ್ಕಿನ ಆಕಾಶ ನೋಡಿದಳು. ಹಾಗೆಲ್ಲ ಆಗುವುದಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳದೆ ನಾನೂ ಹೋಗಿ ಅವಳ ಪಕ್ಕ ನಿಂತು ಬಡಗಣ ದಿಕ್ಕನ್ನೇ ನೋಡಿದೆ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಅಮ್ಮ ಒಳ್ಳೆಯ ಸೀರೆ ಉಟ್ಟು, ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದಾಳೆ. "ಬಸ್ಸಿಗ್ ಹೋಪ್ವ. ನಿಮ್ಮ ಸ್ಕೂಟ್ರ್ ನಂಗ್ ಆಪ್ದಿಲ್ಲೆ." ಎಲ್ಲಿಗೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮರಿ ಆಗಿರದಿದ್ದರೆ? ಆಗಿದ್ದೂ ದೊಡ್ಡಮ್ಮ ಅಂಗಳದಲ್ಲೇ ನಿಲ್ಲಿಸಿ ಎರಡು ಮಾತು ಅಂದುಬಿಟ್ಟರೆ? ಮೂರು ವರ್ಷದ ಮುನಿಸಿಗೆ ಮುಂದಿನ ಮೂವತ್ತು ವರ್ಷದ ಕಾರಣವನ್ನು ನಾನೇ ಹೆಲ್ಮೆಟ್ಟಿನಲ್ಲಿ ಹೊತ್ತು ತಂದಂತಾಗುತ್ತದೆ.

ದೊಡ್ಡಮ್ಮ ಅಂಗಳದಲ್ಲಿ ಒಣ ಮೆಣಸು ಹರಡುತ್ತಿದ್ದಳು. ತಲೆ ಎತ್ತಿ ತಂಗಿಯನ್ನು ನೋಡಿದಳು. ಮತ್ತೆ ಬಗ್ಗಿ ಇನ್ನೊಂದು ಹಿಡಿ ಮೆಣಸು ಹರಡಿದಳು. "ಈಗ ಕಂಡ್ತಾ ದಾರಿ?"

"ಹೇಳಿಕೆ ಮೊಬೈಲಿಗ್ ಬಂದ್ರೆ ದಾರಿ ಕಾಂತಿಲ್ಲೆ ಅಕ್ಕ. ಈ ಸರ್ತಿ ಮೊಟ್ಟಿ ಮೇಲೆ ಬರ್ದ್ ಕಳ್ಸಿದ್ಯಲೆ, ಓದುಕಾಯ್ತ್." ಅಮ್ಮ ಚೀಲದಿಂದ ಬಳೆ ಗುರುತಿನ ಆ ಮೊಟ್ಟೆ ತೆಗೆದು ಮೆಣಸಿನ ಚಾಪೆಯ ಮೇಲಿಟ್ಟಳು. "ತಕೋ, ನಿನ್ ಮೊಟ್ಟಿ. ನಮ್ಮನಿಯವ್ರ್ ಕದ್ಕಂಡ್ ಉಂಬುವವ್ರಲ್ಲ."

"ಕದ್ದದ್ದ್ ನಾನ್ ಕಂಡಿದ್ದೆ" ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಜಗ್ಲಿಯಂಗೆ ಕೂತ್ರೆ ತೆರ್ದ ಹಟ್ಟಿ ಬಾಗ್ಲಂಗೆ ಹಿಂದಿನ ಗೋಡಿ ಕಾಂತಿಲ್ಯಾ? ನಿನ್ ಗಂಡ ಜೀವಕ್ಕ್ ಗ್ಯಾರಂಟಿ ಇಲ್ಲೆ ಅಂದೇಳಿ ಬಡ್ಕಂತಿದ್ದ, ನಾನ್ ಹೂಂ ಅಂತಿದ್ದೆ, ನನ್ ಕಣ್ಣೆಲ್ಲ ಆ ಕಿಂಡಿ ಮೇಲೆ. ಪಾಪ, ಅರ್ಧದಂಗೆ ಸಿಕ್ಕಂಡಿದ್ದಿ. ಬಂದ್ ಎಳಿಕಾ ಅಂದೇಳಿ ಯೋಚ್ನಿ ಮಾಡ್ದೆ."

ಅಮ್ಮನಿಗೆ ನಗು ಬಂತು. ಸೀರೆಯ ಸೆರಗು ಬಾಯಿಗೆ ಹಿಡಿದುಕೊಂಡರೂ ನಿಲ್ಲಲಿಲ್ಲ. ಅಕ್ಕನಿಗೂ ಬಂತು. ಮೂರು ವರ್ಷ ಕೂಡಿಟ್ಟದ್ದನ್ನೆಲ್ಲ ಇಬ್ಬರೂ ನನ್ನ ಸೊಂಟದ ಲೆಕ್ಕದಲ್ಲಿ ಖರ್ಚು ಮಾಡಿದರು. ಆಮೇಲೆ ದೊಡ್ಡಮ್ಮ ಅಮ್ಮನ ಕೈ ಹಿಡಿದು ಹಟ್ಟಿಗೆ ನಡೆದಳು, ಇಬ್ಬರದೂ ಒಂದೊಂದು ಕೈ ಒಂದೊಂದು ನೋವಿನ ಮೇಲೆ. ಕೆಂಪು ಹೇಂಟೆಯ ರೆಕ್ಕೆಯಡಿಯಿಂದ ಪುಟ್ಟ ತಲೆಗಳು ಇಣುಕುತ್ತಿದ್ದವು. ಆರು ಕಪ್ಪು ಮರಿ, ಮೈಮೇಲೆ ಬಿಳಿ. ಐದು ಕೆಂದು. ಬುಟ್ಟಿಯ ತಳದಲ್ಲಿ ಒಡೆದ ಚಿಪ್ಪುಗಳು. ಅಮ್ಮ ಬಗ್ಗಿ ಒಂದು ಚಿಪ್ಪು ಹೆಕ್ಕಿ ನನಗೆ ತೋರಿಸಿದಳು. ಅದರ ಮೇಲೆ ಮಸಿಯಲ್ಲಿ ಕತ್ತರಿ ಗುರುತು. ಇನ್ನೊಂದರ ಮೇಲೂ ಕತ್ತರಿ. ನಾನು ಎಳೆಯದೆ ಬಿಟ್ಟ ಗೀಟನ್ನು ದೊಡ್ಡಮ್ಮ, ಹಟ್ಟಿಯ ಹಿಂದೆ ಸಿಕ್ಕಿದ ಬುಟ್ಟಿಯ ಮಸಿ ತುಂಡಿನಿಂದಲೇ, ಒಂದೊಂದಕ್ಕೂ ಎಳೆದು ಮುಗಿಸಿದ್ದಳು. ಅಮ್ಮ ಚಿಪ್ಪನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಓದಿದಳು. ಕೂಡಿಸಿ ಓದಬೇಕಾದ್ದು ಎರಡೇ ಗೀಟು. ಆದರೂ ಬಹಳ ಹೊತ್ತು ಹಿಡಿಯಿತು.

ನಮ್ಮ ಏಳರಲ್ಲಿ ಒಂದು, ದೊಡ್ಡಮ್ಮನ ಆರರಲ್ಲಿ ಒಂದು ಮರಿಯಾಗಿರಲಿಲ್ಲ. "ಆ ಗುಡ್ಗಿಗೆ" ಎಂದಳು ಅಮ್ಮ. "ಹೌದ್, ಆ ಗುಡ್ಗಿಗೇ" ಎಂದಳು ದೊಡ್ಡಮ್ಮ. ಇಬ್ಬರೂ ನನ್ನ ಮುಖ ನೋಡಿದರು. ನಾನು ಡಿಗ್ರಿಯನ್ನು ನುಂಗಿಕೊಂಡು ತಲೆ ಆಡಿಸಿದೆ.

ಸಂಜೆ ಬಸ್ಸಿನ ಹೊತ್ತಾಯಿತು, ಹೊರಡು ಎಂದರೆ ಅಮ್ಮ ಕೂತಲ್ಲಿಂದ ಏಳಲಿಲ್ಲ. ಮರಿಗಳು ತಾಯಿ ಬಿಡುವವರೆಗೆ ಇಲ್ಲೇ ಇರುತ್ತಾಳಂತೆ. ಅದಕ್ಕೆ ಎರಡು ತಿಂಗಳಾದರೂ ಬೇಕಲ್ಲ ಎಂದೆ. "ಬೇಕ್. ಅದ್ಕೆಂತ?" ಎಂದಳು ದೊಡ್ಡಮ್ಮ, ತಂಗಿಯ ತಟ್ಟೆಗೆ ಇನ್ನೊಂದು ಸೌಟು ಗಂಜಿ ಬಡಿಸುತ್ತಾ. "ಊಟ ಉಪಚಾರದ ಚಿಂತೆ ನಿಂಗ್ ಬ್ಯಾಡ. ನೀನ್ ಹೋಯ್ ನಿನ್ ಶಾಲಿ ಕಾಣ್." ಅಂಗಳದ ತುದಿಯವರೆಗೆ ಈ ಸಲ ಇಬ್ಬರೂ ಬರಲಿಲ್ಲ; ಒಳಗೆ ಏನೋ ಮಾತಿನ ನಡುವೆ ಇದ್ದರು. ಖಾಲಿ ಬೆತ್ತದ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಬ್ಬಳೇ ಕೂತಾಗ ಲೆಕ್ಕ ಹಾಕಿ ನೋಡಿದೆ. ಮೊಟ್ಟೆ ಬಿಟ್ಟು ಹೋಗುವ ಕೋಗಿಲೆಗೆ ನಾಚಿಕೆಯಿಲ್ಲ ಎಂದು ಒಂಬತ್ತು ವರ್ಷ ಮಕ್ಕಳೆದುರು ಬೈದವಳು ನಾನು. ಪಾಪ, ಅದು ಬಿಡುವುದು ಮೊಟ್ಟೆ ಮಾತ್ರ. ನಾನು ಅಮ್ಮನನ್ನೂ ಅದೇ ಗೂಡಿನಲ್ಲಿ ಬಿಟ್ಟು ಹಾರಿ ಬಂದಿದ್ದೆ.